ನಾಯಿಗೂ ಮೂಗುದಾರವೇ?

‘ನಾಯಿಬಾಲ ಡೊಂಕು’ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನು ಬಾಲವನ್ನಷ್ಟೇ ಕಂಡಿದ್ದನೇ ಹೊರತು ಮೂತಿಯನ್ನು ಗಮನಿಸಿರಲಿಲ್ಲವೆಂದು ತೋರುತ್ತದೆ. ನಮ್ಮ ಬಡಾವಣೆಯ ಮನೆಯೊಂದರ ನಾಯಿ ಅಪರಿಚಿತರನ್ನು ಕಂಡೊಡನೆ ಹಲ್ಲು ಕಿರಿದು ಮೇಲೇರಿ ಹೋಗುತ್ತದೆ. ಕಳೆದ ತಿಂಗಳು ಹಾಲಿನ ಹುಡುಗನ ಕಾಲಿಗೆ ಬಾಯಿ ಹಾಕಿತು. ಅದನ್ನು ಊರಾಚೆ ಬಿಟ್ಟುಬರುವುದೆಂದು ಮನೆಯವರ ತೀರ್ಮಾನ. ಅದಕ್ಕೆ ಮುನ್ನ ಅವರು ಮಾಡಿದ ಪ್ರಯತ್ನವೆಂದರೆ ಕತ್ತು ಬಿಗಿಯುವ ಸರಪಣಿ ಮತ್ತು ಬಿದಿರಿನ ಕೋಲು. ಹೆಡ್ ಹಾಲ್ಟರ್ ಎಂಬುದೊಂದಿದೆ, ಪ್ರಯತ್ನಿಸಿ ನೋಡಿ ಎಂದೆ. “ನಾಯಿಗೂ ಮೂಗುದಾರವೇ ಮೇಷ್ಟ್ರೇ? ಹಿಂಸೆಯಲ್ಲವೇ ಅದು?” ಎಂದರು. ಕೋಲು ಹಿಡಿದ ಕೈಯವರ ಅಹಿಂಸೆ!

ಮೂಗುದಾರವು ಎತ್ತಿನ ಮೂಗನ್ನು ಚುಚ್ಚಿ ಪೋಣಿಸಿದ ಹಗ್ಗ. ಇದು ಏನನ್ನೂ ಚುಚ್ಚುವುದಿಲ್ಲ. ಒಂದು ಪಟ್ಟಿ ಕಿವಿಗಳ ಹಿಂದೆ ಕತ್ತಿನ ಮೇಲ್ಭಾಗದಲ್ಲಿ ಕೂರುತ್ತದೆ, ಇನ್ನೊಂದು ಮೂತಿಯನ್ನು ಬಳಸುತ್ತದೆ. ಹಗ್ಗ ಸೇರುವುದು ಗದ್ದದ ಕೆಳಗೆ. ಕೊರಳಪಟ್ಟಿ ಹಾಕಿದ ನಾಯಿ ಎದೆಯ ಬಲವನ್ನೆಲ್ಲ ಸೇರಿಸಿ ಎಳೆಯಬಲ್ಲದು. ಇಲ್ಲಿ ಎಳೆದರೆ ತಲೆಯೇ ಪಕ್ಕಕ್ಕೆ ತಿರುಗುತ್ತದೆ, ತಲೆ ತಿರುಗಿದತ್ತ ದೇಹ. ಕುದುರೆಯ ತಲೆಗೆ ಕಟ್ಟುವ ಪಟ್ಟಿಯದೇ ತತ್ತ್ವ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪಶುವೈದ್ಯ ಆರ್. ಕೆ. ಆಂಡರ್ಸನ್ ಅವರು ತರಬೇತುಗಾರ್ತಿ ರೂತ್ ಫಾಸ್ಟರ್ ಅವರೊಡನೆ ‘ಜೆಂಟಲ್ ಲೀಡರ್’ ಎಂಬುದನ್ನು ರೂಪಿಸಿದರು. ಇಂಗ್ಲೆಂಡಿನ ರೋಜರ್ ಮಗ್‌ಫರ್ಡ್ ಅವರದು ‘ಹಾಲ್ಟಿ’.

ಆದರೆ ಇದನ್ನು ಕಟ್ಟಿದೊಡನೆ ನಾಯಿ ಸಾಧುವಾಗುತ್ತದೆಂದು ನಂಬುವವರೊಡನೆಯೂ ನನಗೆ ಜಗಳವಿದೆ. ಒಕ್ಕಣೆಯ ಎತ್ತಿಗೆ ಕಟ್ಟುವ ಕುಕ್ಕೆಯಂತೆ ಇದು ಬಾಯಿಯನ್ನು ಮುಚ್ಚುವುದಿಲ್ಲ. ನಾಯಿ ತಿನ್ನಬಲ್ಲದು, ತೇಕಬಲ್ಲದು, ಕಚ್ಚಲೂ ಬಲ್ಲದು. ಈಗಾಗಲೇ ಕಚ್ಚಿದ ನಾಯಿಗೆ ಬುಟ್ಟಿಯಂತಹ ಬಾಯಿಕುಕ್ಕೆ ಬೇರೆಯೇ ಬೇಕು. ನೋವು, ರೋಗಗಳೇನಾದರೂ ಇವೆಯೇ ಎಂದು ಪಶುವೈದ್ಯರು ನೋಡಬೇಕು. ಹಾಲ್ಟರ್ ಕೊಡುವುದು ಹಿಡಿತವನ್ನು, ಪಾಠ ಮಾಡಲು ಬೇಕಾದ ಬಿಡುವನ್ನು. ಪಾಠವನ್ನು ನಾವೇ ಮಾಡಬೇಕು.

ಬಿ.ಎಡ್. ಓದಿದವರೆಲ್ಲರಿಗೂ ಪಾವ್ಲೋವನ ನಾಯಿ ಪರಿಚಿತ. ಅಪರಿಚಿತನು ದೂರದಲ್ಲಿರುವಾಗಲೇ, ನಾಯಿ ಇನ್ನೂ ಕೆರಳದಿರುವಾಗಲೇ, ಅದಕ್ಕೆ ಪ್ರಿಯವಾದ ತುಣುಕೊಂದನ್ನು ಕೊಡಬೇಕು. ದಿನ ಕಳೆದಂತೆ ಅಂತರವನ್ನು ತಗ್ಗಿಸಬೇಕು. ಅನ್ಯರು ಬಂದರೆ ಕೇಡು ಎಂಬ ಭಾವನೆ ಹೋಗಿ, ಅನ್ಯರು ಬಂದರೆ ತಿಂಡಿ ಎಂಬ ಭಾವನೆ ಬೇರೂರಬೇಕು. ಬಹುತೇಕ ನಾಯಿಗಳ ಕ್ರೌರ್ಯದ ಕೆಳಗಿರುವುದು ಭಯ. ಭಯಪಟ್ಟವನಿಗೆ ಏಟು ಕೊಟ್ಟರೆ ಭಯ ಹೋಗುವುದುಂಟೇ?

ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆತ ಅಥವಾ ಒದೆತವನ್ನು ಪ್ರಯೋಗಿಸಿದ ಮಾಲೀಕರ ಪೈಕಿ ಶೇಕಡಾ 43ರಷ್ಟು ಮಂದಿ ತಮ್ಮ ನಾಯಿ ಅದಕ್ಕೆ ಪ್ರತಿಯಾಗಿ ಆಕ್ರಮಣಶೀಲವಾಯಿತೆಂದು ಹೇಳಿದ್ದರು. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಕಚ್ಚುವುದನ್ನಲ್ಲ, ಮುನ್ಸೂಚನೆಯೊಂದೇ ನಷ್ಟ. ‘ನಾಯಕ ಯಾರೆಂದು ತೋರಿಸಬೇಕು’ ಎನ್ನುವವರು ತೋಳಗಳ ಹಿಂಡಿನ ಕಥೆಯನ್ನು ಹೇಳುತ್ತಾರೆ. ‘ಆಲ್ಫಾ’ ತೋಳದ ಕಲ್ಪನೆಯನ್ನು 1970ರ ತಮ್ಮ ಗ್ರಂಥದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ, ಕಾಡಿನ ಹಿಂಡೆಂದರೆ ತಂದೆತಾಯಿ ಮತ್ತು ಮರಿಗಳ ಸಂಸಾರವೆಂದು 1999ರಲ್ಲಿ ಬರೆದು ಅದನ್ನು ತಿದ್ದಿದರು. ತೋಳದ ಪಂಡಿತನು ಬಿಟ್ಟ ಮಾತನ್ನು ನಮ್ಮ ಬೀದಿಯ ಪಂಡಿತರು ಬಿಟ್ಟಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳ ಮೇಲಿನ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ, ಇನ್ನು ಮಕ್ಕಳು ಕೆಟ್ಟರೆಂದು ಗೋಳಿಟ್ಟವರ ಧ್ವನಿಯೇ ಇಂದು ನಾಯಿಯ ವಿಷಯದಲ್ಲಿಯೂ ಕೇಳಿಸುತ್ತಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಾದರೋ, ಸದಾ ಸರಪಣಿಯಲ್ಲಿರುವ ನಾಯಿಗೆ ವ್ಯಾಯಾಮ ಕೊಡದಿರುವುದನ್ನೂ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದನ್ನೂ ಅಪರಾಧವೆಂದೇ ಎಣಿಸುತ್ತದೆ. ಅಲ್ಲದೆ, ಊರಾಚೆಯೆಂದರೆ ಅದೂ ಯಾರದೋ ಊರಲ್ಲವೇ?

ಹಾಲ್ಟರ್ ತರುವವರಿಗೆ ಒಂದೆರಡು ಮಾತು. ಮೊದಲ ದಿನವೇ ಕಟ್ಟಿ ಬೀದಿಗಿಳಿಯಬೇಡಿ. ನಾಯಿ ಪಂಜದಿಂದ ಮೂತಿಯನ್ನು ಉಜ್ಜಿ ಒದ್ದಾಡುತ್ತದೆ. ಕುಣಿಕೆಯೊಳಗಿಂದ ತಿಂಡಿ ಹಿಡಿದು, ಅದು ತಾನಾಗಿ ಮೂತಿ ತೂರಿಸುವವರೆಗೆ ಕೆಲವು ದಿನ ಕಾಯಿರಿ. ಹಗ್ಗವನ್ನು ಜಗ್ಗಬಾರದು, ಜಗ್ಗಿದರೆ ಕತ್ತು ಉಳುಕೀತು. ಮನೆಯಲ್ಲಿ ಒಂಟಿಯಾಗಿರುವಾಗ ಬಿಚ್ಚಿಡಿ. ಕಳಚಿಕೊಂಡರೆ ಎಂಬ ಎಚ್ಚರಕ್ಕೆ ಸಾಧಾರಣ ಕೊರಳಪಟ್ಟಿಯೊಂದು ಜೊತೆಗಿರಲಿ. ಪಗ್‌ನಂತಹ ಮೊಂಡುಮೂತಿಯ ತಳಿಗಳಿಗೆ ಇದು ಕೂರುವುದಿಲ್ಲ; ಅವಕ್ಕೆ ಎದೆಪಟ್ಟಿಯೇ ಸರಿ.