ಗ್ರೇಡ್ 2 ಅಂದ್ರೆ ಎರಡನೇ ಸ್ಟೇಜ್ ಅಲ್ಲ

ನೀವು ಬೆಂಗಳೂರಲ್ಲಿ ಮೀಟಿಂಗ್‌ನಲ್ಲಿ ಕೂತಿರ್ತೀರಿ. ಕೆ.ಆರ್. ಪೇಟೆಯಿಂದ ಅಣ್ಣ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸ್ತಾನೆ. ಅಮ್ಮನ ಕೆನ್ನೆ ಒಳಗಿನ ಹುಣ್ಣಿನ ಬಯಾಪ್ಸಿ ರಿಪೋರ್ಟು. ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಗ್ರೇಡ್ 2. ಅದರ ಕೆಳಗೆ, ಕ್ರಾನಿಕ್ ಇನ್‌ಫ್ಲಮೇಷನ್ ಇದೆ ಅಂತ ಇನ್ನೊಂದು ಸಾಲು. ಗೂಗಲ್ ಮಾಡೋಕೆ ಕೈ ನಡುಗುತ್ತೆ.

ಇಂಥ ರಿಪೋರ್ಟು ಬರೆಯೋದೇ ನನ್ನ ಕೆಲಸ. ಊರು ಪಾಂಡವಪುರದ ಕಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನವರ ಸ್ಲೈಡುಗಳು ನನ್ನ ಮೈಕ್ರೋಸ್ಕೋಪ್ ಕೆಳಗೆ ಬರ್ತಾನೇ ಇರ್ತವೆ. ಆಮೇಲೆ ಅವರ ಮಕ್ಕಳ ಫೋನು ಬರುತ್ತೆ. ಅದರಲ್ಲಿ ಒಂದು ಫೋನ್ ಮಾತ್ರ ಮರೆಯೋಕಾಗಲ್ಲ. ನಾಗಮಂಗಲ ಕಡೆಯ ಹುಡುಗ. ತಂದೆಯ ರಿಪೋರ್ಟಲ್ಲಿ ‘ವೆಲ್ ಡಿಫರೆನ್ಶಿಯೇಟೆಡ್, ಗ್ರೇಡ್ 1’ ಅಂತಿತ್ತು. ‘ವೆಲ್ ಅಂತ ಇದೆಯಲ್ಲ ಮೇಡಂ, ಅದಕ್ಕೇ ಕಬ್ಬು ಕಡಿಯೋದು ಮುಗೀಲಿ ಅಂತ ಕಾದ್ವಿ’ ಅಂದ. ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು.

ಹಾಗಾದ್ರೆ ಗ್ರೇಡ್ ಅಂದ್ರೆ ಏನು? ಮಂಡ್ಯದವರನ್ನ ಎಲ್ಲಿ ಬಿಟ್ಟರೂ ಮಾತಲ್ಲೇ ಗೊತ್ತಾಗುತ್ತಲ್ಲ, ಹಾಗೆ. ಕೆನ್ನೆಯ ಒಳಪದರದ ಕೋಶಗಳಿಗೂ ಒಂದು ಗುರುತಿದೆ. ಅವು ಬುಡದಲ್ಲಿ ಹುಟ್ಟಿ, ಬಲಿತು, ಮೇಲೆ ಬರ್ತಾ ಚಪ್ಪಟೆಯಾಗ್ತವೆ. ಗ್ರೇಡ್ 1 ಗಡ್ಡೆಯ ಕೋಶಗಳು ದಾರಿ ತಪ್ಪಿದ್ದರೂ ಊರಿನ ಮಾತು ಬಿಟ್ಟಿರಲ್ಲ. ಕೆರಾಟಿನ್ ಅನ್ನೋ ವಸ್ತುವನ್ನ ಸುರುಳಿ ಸುರುಳಿಯಾಗಿ ಕಟ್ತವೆ; ಅದನ್ನ ನಾವು ಮುತ್ತು ಅಂತ ಕರೀತೀವಿ, ಎಂಥ ಹೆಸರು ನೋಡಿ! ಗ್ರೇಡ್ 3 ಬಂದ್ರೆ ಇವು ಯಾವ ಊರಿನವು ಅಂತಾನೇ ಹೇಳೋಕಾಗಲ್ಲ. ಗ್ರೇಡ್ 2 ನಡುವಿನದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಆಲ್ಬರ್ಟ್ ಬ್ರೋಡರ್ಸ್ ಅನ್ನೋವರು 1920ರಲ್ಲಿ ತುಟಿಯ ಕ್ಯಾನ್ಸರ್ ನೋಡಿ ಶುರುಮಾಡಿದ ಲೆಕ್ಕ ಇದು. ಅವರದ್ದು ನಾಲ್ಕು ದರ್ಜೆ, ಈಗ ಮೂರು.

ಸ್ಟೇಜ್ ಬೇರೆಯೇ ವಿಷಯ. ಗಡ್ಡೆ ಎಷ್ಟು ಅಗಲ, ಎಷ್ಟು ಆಳ, ಕುತ್ತಿಗೆಯ ಗ್ರಂಥಿಗೆ ಹೋಗಿದೆಯಾ, ಬೇರೆ ಅಂಗಕ್ಕೆ ಹಬ್ಬಿದೆಯಾ ಅನ್ನೋದು. 2018ರಿಂದ ಜಾರಿಯಲ್ಲಿರೋ ಲೆಕ್ಕದಲ್ಲಿ ಆಳಕ್ಕೂ ಜಾಗ ಸಿಕ್ಕಿದೆ. ಅಗಲ 2 ಸೆಂಟಿಮೀಟರ್ ದಾಟದೇ ಇದ್ರೂ, ಆಳ 5 ಮಿಲಿಮೀಟರ್ ದಾಟಿದ್ರೆ ಅದು ಸಣ್ಣ ಗಡ್ಡೆ ಅನ್ನಿಸಿಕೊಳ್ಳಲ್ಲ. ಗ್ರೇಡ್ 1 ಗಡ್ಡೆ ನಾಲ್ಕನೇ ಸ್ಟೇಜಲ್ಲಿರಬಹುದು, ಗ್ರೇಡ್ 3 ಮೊದಲನೇ ಸ್ಟೇಜಲ್ಲೇ ಸಿಗಬಹುದು. ಅಲ್ಲದೆ ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡಿದಂಗಲ್ಲ ಬಯಾಪ್ಸಿ. ಒಂದೇ ಗಡ್ಡೆ ಮೇಲ್ಗಡೆ ಸಾಧುವಾಗಿದ್ದು, ಒಳಕ್ಕೆ ನುಗ್ಗೋ ಅಂಚಲ್ಲಿ ಬೇರೆ ಥರ ಇರಬಹುದು. ಆಪರೇಷನ್ ಆದ್ಮೇಲೆ ಗ್ರೇಡ್ ಬದಲಾದ್ರೆ ಲ್ಯಾಬಿನವರಿಗೆ ಬೈಬೇಡಿ.

ಇನ್ನು ಆ ಎರಡನೇ ಸಾಲು. ಇನ್‌ಫ್ಲಮೇಷನ್, ಕನ್ನಡದಲ್ಲಿ ಉರಿಯೂತ. ‘ಇನ್‌ಫೆಕ್ಷನ್ ಅಷ್ಟೇ, ಆಂಟಿಬಯಾಟಿಕ್ ಸಾಕು’ ಅಂತ ಓದಿಕೊಳ್ಳೋರು ತುಂಬಾ ಜನ. ನಮ್ಮ ಕಡೆ ನಾಟಿಗೆ ಹೋಗೋ ಹೆಂಗಸರು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪನ್ನ ಕೆನ್ನೆ ಪಕ್ಕ ಒತ್ತಿಟ್ಟುಕೊಂಡೇ ಗದ್ದೆಗೆ ಇಳೀತಾರೆ. ದಿನಾ ಅದೇ ಜಾಗ ಸುಡುತ್ತೆ. ರಿಪೇರಿಗೆ ಅಂತ ದೇಹ ಬಿಳಿ ರಕ್ತಕಣಗಳನ್ನ ಕಳಿಸುತ್ತೆ. ವರ್ಷಗಟ್ಟಲೆ ಈ ರಿಪೇರಿ ನಡೆದ್ರೆ ರಿಪೇರಿಯೇ ಕಾಟ. ಆ ಕಣಗಳು ಬಿಡೋ ರಾಸಾಯನಿಕಗಳು ಡಿಎನ್‌ಎ ಕೆಡಿಸ್ತವೆ, ಹೊಸ ರಕ್ತನಾಳ ಬೆಳೆಸ್ತವೆ, ಕೆಟ್ಟ ಕೋಶಕ್ಕೆ ಗೊಬ್ಬರ ಹಾಕಿದಂಗಾಗುತ್ತೆ. ಆದರೆ ಗಡ್ಡೆ ಹುಟ್ಟಿದ ಮೇಲೆ ಅದರ ಸುತ್ತ ಲಿಂಫೋಸೈಟ್‌ಗಳು ದಟ್ಟವಾಗಿ ನಿಂತಿದ್ರೆ ಅದು ದೇಹ ಇನ್ನೂ ಕಾದಾಡ್ತಿರೋ ಗುರುತು, ಸಾಮಾನ್ಯವಾಗಿ ಒಳ್ಳೇದು. ಹಾಗಾಗಿ ಆ ಸಾಲೊಂದನ್ನೇ ಹಿಡಿದು ಹೆದರೋದೂ ಬೇಡ, ಸಮಾಧಾನ ಪಡೋದೂ ಬೇಡ.

ಇದೆಲ್ಲ ಅಮ್ಮಂದಿರ ಕಾಲದ ಕಥೆ ಅಂದ್ಕೊಳ್ಳೋ ಹಾಗಿಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಅದೇ ಅಂಗಡಿಗೆ ವಾಪಸ್ ಬಂತು. ‘ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ’ ಅನ್ನೋ ಆಫೀಸ್ ಹುಡುಗರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ಹೇಳಿದೆ. ಅಡಿಕೆ ಬೆಳೆಗಾರರಿಗೆ ಇಷ್ಟವಾಗದ ಮಾತು, ಗೊತ್ತು. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ನಿಲ್ಲಿಸಿ ನೋಡಿ. ಹಿಡಿಸದಿದ್ರೆ ಡೆಂಟಿಸ್ಟ್ ಹತ್ರ ಹೋಗಿ.

ಊರಲ್ಲಿ ಇನ್ನೂ ‘ಕತ್ತರಿ ತಾಗಿದ್ರೆ ಹರಡುತ್ತೆ’ ಅಂತಾರೆ. ಹರಡೋದು ಕಾಯೋದ್ರಿಂದ. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ರೆ ಬಿ-ಕಾಂಪ್ಲೆಕ್ಸ್ ಮಾತ್ರೆ ಮುಂದುವರಿಸಬೇಡಿ, ಮಂಡ್ಯದ ಮಿಮ್ಸ್‌ಗೋ ಬೆಳ್ಳೂರಿನ ಮೆಡಿಕಲ್ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿಗೋ ಕರ್ಕೊಂಡು ಹೋಗಿ. ಬಿಪಿಎಲ್ ಕಾರ್ಡಿದ್ರೆ ಜೊತೆಗಿರಲಿ, ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ.

ಆಪರೇಷನ್ ಆದ್ಮೇಲೆ ಬರೋ ರಿಪೋರ್ಟಿನ ಫೋಟೋ ಕಳಿಸುವಾಗ ಎಲ್ಲ ಪುಟಾನೂ ಕಳಿಸಿ. ಆಳ ಎಷ್ಟು ಮಿಲಿಮೀಟರ್, ಎಷ್ಟು ಗ್ರಂಥಿ ನೋಡಿದ್ವಿ, ಎಷ್ಟರಲ್ಲಿ ಸಿಕ್ತು ಅನ್ನೋದೆಲ್ಲ ಮೊದಲ ಪುಟದಲ್ಲೇ ಇರುತ್ತೆ ಅಂತೇನಿಲ್ಲ.