ಗಡಿಯಾರವೂ ಪಟ್ಟಿಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮಳೆಗಾಲ ದೀರ್ಘವಾದುದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಅಡಿಕೆಯ ತೋಟಗಳನ್ನು ತೋಯಿಸುತ್ತಿರುತ್ತದೆ. ಆ ದಿನಗಳಲ್ಲಿ ಮನೆಯೊಳಗಿನ ಚರ್ಮದ ವಸ್ತುಗಳು ಬೂಷ್ಟು ಹಿಡಿಯುವುದು ಸಾಮಾನ್ಯ. ಕೈಗಡಿಯಾರದ ಪಟ್ಟಿ, ಜನರ ಮಾತಿನಲ್ಲಿ ವಾಚಿನ ಬೆಲ್ಟು, ಇದಕ್ಕೆ ಹೊರತಲ್ಲ. ತೇವವನ್ನೂ ಬೆವರನ್ನೂ ಕುಡಿದು ಕುಡಿದು ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಅದು ಬಿರಿದು ಹರಿಯುತ್ತದೆ. ಆಗ ಪೇಟೆಗೆ ಬಂದ ಕೃಷಿಕನು ಗಡಿಯಾರದ ಅಂಗಡಿಗೆ ಹೋಗಿ ಹೊಸ ಪಟ್ಟಿಯನ್ನು ಹಾಕಿಸಿಕೊಳ್ಳುತ್ತಾನೆ. ಅಂಗಡಿಯವನು ಸಣ್ಣದೊಂದು ಸಲಕರಣೆಯಿಂದ ಪಿನ್ನನ್ನು ಒತ್ತಿ ಹಳೆಯದನ್ನು ತೆಗೆಯುತ್ತಾನೆ, ಹೊಸದನ್ನು ಕೂರಿಸುತ್ತಾನೆ. ಐದು ನಿಮಿಷಗಳ ಕೆಲಸ. ಗಡಿಯಾರ ಮತ್ತೆ ಕೈಯೇರುತ್ತದೆ.

ಈ ಐದು ನಿಮಿಷಗಳ ಕೆಲಸದ ಹಿಂದೆ ಒಂದು ದೊಡ್ಡ ಒಪ್ಪಂದವಿದೆ. ಅದನ್ನು ಯಾರೂ ಸಭೆ ಸೇರಿಸಿ ಬರೆದುಕೊಂಡಂತೆ ತೋರುವುದಿಲ್ಲ. ಆದರೂ ಅದು ಲೋಕದಲ್ಲೆಲ್ಲ ನಡೆದು ಬಂದಿದೆ. ಗಡಿಯಾರದ ಎರಡು ತುದಿಗಳಲ್ಲಿ ಕಿವಿಗಳಂತೆ ಚಾಚಿರುವ ಭಾಗಗಳ ನಡುವಿನ ಅಗಲ ಸಾಮಾನ್ಯವಾಗಿ 18, 20, 22 ಮಿಲಿಮೀಟರುಗಳಂಥ ಕೆಲವೇ ಅಳತೆಗಳಲ್ಲಿ ಇರುತ್ತದೆ. ಆದುದರಿಂದ ಒಬ್ಬರು ಮಾಡಿದ ಗಡಿಯಾರಕ್ಕೆ ಇನ್ನೊಬ್ಬರು ಮಾಡಿದ ಪಟ್ಟಿ ಹೊಂದುತ್ತದೆ. ಸಣ್ಣ ಊರಿನ ಅಂಗಡಿಯವನು ಕೆಲವೇ ಅಳತೆಯ ಪಟ್ಟಿಗಳನ್ನು ಇಟ್ಟುಕೊಂಡು ಬಂದವರೆಲ್ಲರ ಅಗತ್ಯವನ್ನು ಪೂರೈಸಬಲ್ಲನು.

ಕನ್ನಡ ನಾಡಿನಲ್ಲಿಯೇ ಹುಟ್ಟಿದ ಎಚ್.ಎಂ.ಟಿ. ಗಡಿಯಾರಗಳ ಕಥೆ ಈ ಒಪ್ಪಂದದ ಬೆಲೆಯನ್ನು ಚೆನ್ನಾಗಿ ತಿಳಿಸುತ್ತದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಅವುಗಳ ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತಲೆಯೆತ್ತಿತು. ಮದುವೆಯ ಉಡುಗೊರೆಯಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ತಂದೆಯ ಬಹುಮಾನವಾಗಿ ಅವು ಮನೆಮನೆಗೂ ಬಂದವು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ತಯಾರಿಸಿದ ಕೈ ನಿಂತುಹೋಯಿತು. ಆದರೆ ತಯಾರಾದ ಗಡಿಯಾರಗಳು ನಿಂತುಹೋಗಲಿಲ್ಲ. ಅಜ್ಜನ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದ ಮೊಮ್ಮಗನಿಗೆ ಇಂದಿಗೂ ಅದಕ್ಕೆ ಹೊಂದುವ ಪಟ್ಟಿ ಪೇಟೆಯಲ್ಲಿ ದೊರೆಯುತ್ತದೆ. ಜೋಡಣೆಯ ಅಳತೆ ಒಂದು ಕಾರ್ಖಾನೆಯ ಗುಟ್ಟಾಗಿರದೆ ಎಲ್ಲರ ಸೊತ್ತಾಗಿದ್ದುದೇ ಇದಕ್ಕೆ ಕಾರಣ.

ಈಗ ಕೈಗಡಿಯಾರದ ಸ್ವರೂಪವೇ ಬದಲಾಗಿದೆ. ಸ್ಮಾರ್ಟ್ ವಾಚ್ ಎಂಬ ಹೊಸ ಗಡಿಯಾರ ಹೊತ್ತನ್ನು ತೋರಿಸುವುದಲ್ಲದೆ ನಾಡಿಯ ಬಡಿತವನ್ನು ಎಣಿಸುತ್ತದೆ. ನಡೆದ ಹೆಜ್ಜೆಗಳ ಲೆಕ್ಕವಿಡುತ್ತದೆ. ದೂರವಾಣಿಗೆ ಬಂದ ಸಂದೇಶವನ್ನು ಮಣಿಕಟ್ಟಿನ ಮೇಲೆ ಮೂಡಿಸುತ್ತದೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಳೆಯ ಗಡಿಯಾರ ದಶಕಗಳ ಕಾಲ ಬಾಳುತ್ತಿತ್ತು, ಪಟ್ಟಿ ಬೇಗ ಸಾಯುತ್ತಿತ್ತು. ಹೊಸ ಗಡಿಯಾರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅದರೊಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಬಲಗುಂದುತ್ತದೆ. ಅದನ್ನು ನಡೆಸುವ ತಂತ್ರಾಂಶವೂ ಹಳತಾಗುತ್ತದೆ. ಆದರೆ ಉಕ್ಕಿನ ಪಟ್ಟಿಗೂ ಒಳ್ಳೆಯ ರಬ್ಬರಿನ ಪಟ್ಟಿಗೂ ಅಷ್ಟು ಬೇಗ ಮುಪ್ಪು ಬರುವುದಿಲ್ಲ. ಅಂದು ಗಡಿಯಾರ ಹೊಸ ಪಟ್ಟಿಗಾಗಿ ಕಾಯುತ್ತಿತ್ತು. ಇಂದು ಪಟ್ಟಿಯೇ ಹೊಸ ಗಡಿಯಾರಕ್ಕಾಗಿ ಕಾಯುತ್ತದೆ. ಆದ್ದರಿಂದ ಹಳೆಯ ಪಟ್ಟಿ ಹೊಸ ಗಡಿಯಾರಕ್ಕೆ ಕೂಡಬೇಕೆಂಬ ಬಯಕೆ ಬರಿಯ ಹಳೆಯದರ ವ್ಯಾಮೋಹವಲ್ಲ. ಗಟ್ಟಿಯಾಗಿರುವ ವಸ್ತುವೊಂದು ಕಸದ ಪಾಲಾಗಬಾರದೆಂಬ ವಿವೇಕ ಅದರಲ್ಲಿದೆ.

ಹಾಗಾದರೆ ತಯಾರಕರು ಗಡಿಯಾರದ ಗಾತ್ರವನ್ನು ಎಂದೆಂದಿಗೂ ಬದಲಾಯಿಸಲೇಬಾರದೆ? ಹಾಗೆ ಹೇಳುವುದು ನ್ಯಾಯವಲ್ಲ. ಪರದೆ ದೊಡ್ಡದಾದರೆ ಕಣ್ಣು ಮಂಜಾದ ಹಿರಿಯರಿಗೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಒಳಗಿನ ಸ್ಥಳ ಹೆಚ್ಚಿದರೆ ದೊಡ್ಡ ಬ್ಯಾಟರಿಯನ್ನು ಇಡಬಹುದು. ಪಟ್ಟಿಯನ್ನು ಹಿಡಿದಿಡುವ ವ್ಯವಸ್ಥೆಯೂ ಗಡಿಯಾರದೊಳಗೆ ಕೊಂಚ ಜಾಗವನ್ನು ಬೇಡುತ್ತದೆ. ಅದನ್ನು ಬದಲಿಸಿದರೆ ಆ ಜಾಗ ಬೇರೆ ಉಪಯೋಗಕ್ಕೆ ಒದಗಬಹುದು. ಸುಧಾರಣೆಯ ದಾರಿಯನ್ನು ಮುಚ್ಚಿಬಿಟ್ಟರೆ ಬಳಸುವವರಿಗೇ ನಷ್ಟ.

ಆದರೆ ಗಾತ್ರ ಬದಲಾಗುವುದು ಒಂದು ಪ್ರಶ್ನೆ, ಜೋಡಣೆ ಬದಲಾಗುವುದು ಇನ್ನೊಂದು ಪ್ರಶ್ನೆ. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ವಾದ ಗೊಂದಲಕ್ಕೆ ಈಡಾಗುತ್ತದೆ. ಆ್ಯಪಲ್ ಸಂಸ್ಥೆಯ ಗಡಿಯಾರ 2015ರಲ್ಲಿ ಹೊರಬಂದಾಗ ಅದರಲ್ಲಿ 38 ಮತ್ತು 42 ಮಿಲಿಮೀಟರುಗಳ ಎರಡು ಗಾತ್ರಗಳಿದ್ದವು. 2018ರಲ್ಲಿ ಅವು 40 ಮತ್ತು 44 ಆದವು. 2021ರಲ್ಲಿ 41 ಮತ್ತು 45. 2024ರಲ್ಲಿ 42 ಮತ್ತು 46. ಮೂರು ಸಲ ಮೈ ಬೆಳೆಯಿತು. ಆದರೂ ಮೊದಲ ವರ್ಷದ ಚಿಕ್ಕ ಗಡಿಯಾರದ ಪಟ್ಟಿ 2024ರ ಚಿಕ್ಕ ಗಡಿಯಾರಕ್ಕೂ, ದೊಡ್ಡದರ ಪಟ್ಟಿ ದೊಡ್ಡದಕ್ಕೂ ಹೊಂದುತ್ತದೆ. ಆ ಜೋಡಣೆ ಆ ಸಂಸ್ಥೆಗೆ ಮಾತ್ರ ಸೇರಿದ್ದು, ಲೋಕರೂಢಿಯದಲ್ಲ ಎಂಬುದು ನಿಜ. ಆದರೂ ತಮ್ಮ ಹಳೆಯ ಗ್ರಾಹಕರಿಗೆ ಕೊಟ್ಟ ಮಾತನ್ನು ಅವರು ಸುಮಾರು ಒಂದು ದಶಕ ನಡೆಸಿದರು. ಗಾತ್ರ ಬದಲಾದರೆ ಜೋಡಣೆ ಮುರಿಯಲೇಬೇಕೆಂಬ ಮಾತು ಇದರಿಂದ ಬಿದ್ದುಹೋಗುತ್ತದೆ.

ಸ್ಯಾಮ್‌ಸಂಗ್ ಸಂಸ್ಥೆಯ ದಾರಿ ಬೇರೆ. 2021ರ ಅನಂತರದ ಅದರ ಹಲವು ಗಡಿಯಾರಗಳಿಗೆ ಎಲ್ಲೆಡೆ ಸಿಕ್ಕುವ 20 ಮಿಲಿಮೀಟರಿನ ಪಟ್ಟಿ ಹೊಂದುತ್ತಿತ್ತು. 2024ರಲ್ಲಿ ಒಂದು ಮಾದರಿಗೂ, 2025ರಲ್ಲಿ ಮುಖ್ಯ ಮಾದರಿಗಳಿಗೂ ಅದು ತನ್ನದೇ ಆದ ಹೊಸ ಜೋಡಣೆಯನ್ನು ತಂದಿತು. ಗಡಿಯಾರ ಮಣಿಕಟ್ಟಿಗೆ ಚೆನ್ನಾಗಿ ಒಗ್ಗಿ ಕುಳಿತರೆ ಆರೋಗ್ಯದ ಅಳತೆಗಳು ಸರಿಯಾಗಿ ಸಿಕ್ಕುತ್ತವೆಂಬುದು ಆ ಸಂಸ್ಥೆಯ ಸಮರ್ಥನೆ. ಆ ಕಾರಣವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದರ ಬೆಲೆಯನ್ನು ತೆರುವವರು ಯಾರು? ಯಲ್ಲಾಪುರದ ಪೇಟೆಯ ಅಂಗಡಿಯವನು ಮಾದರಿಗೊಂದರಂತೆ ಪಟ್ಟಿಗಳನ್ನು ತರಿಸಿಡಲಾರನು. ಮಾರಾಟವಾಗದೆ ಉಳಿದರೆ ಅವನ ಬಂಡವಾಳವೇ ಮುಳುಗುತ್ತದೆ. ಆಗ ಹಳ್ಳಿಯ ಗ್ರಾಹಕನು ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೆ ಅಂಚೆಯಲ್ಲಿ ತರಿಸಿಕೊಳ್ಳಬೇಕು. ಮಹಾನಗರದವನಿಗೆ ಅದೊಂದು ಚಿಕ್ಕ ಕಿರಿಕಿರಿ. ಮಲೆನಾಡಿನವನಿಗೆ ಒಂದು ದಿನದ ಕೆಲಸವೇ ಕೆಡುತ್ತದೆ.

ಹಳೆಯ ಹೊಂದಿಕೆಯನ್ನು ಮುರಿಯುವುದು ಎಲ್ಲ ಸಂದರ್ಭಗಳಲ್ಲಿಯೂ ತಪ್ಪೆ? ಅಲ್ಲ. ಸಿದ್ದಾಪುರಕ್ಕೆ ಹತ್ತಿರದ ತಾಳಗುಪ್ಪ ರೈಲು ನಿಲ್ದಾಣವೇ ಇದಕ್ಕೆ ಸಾಕ್ಷಿ. ಶಿವಮೊಗ್ಗದಿಂದ ಅಲ್ಲಿಗೆ ಬರುತ್ತಿದ್ದ ಹಳಿಯ ಕಂಬಿಗಳ ನಡುವಿನ ಅಂತರ ಹಿಂದೆ ಒಂದು ಮೀಟರ್ ಇತ್ತು. ದೇಶದ ಮುಖ್ಯ ಮಾರ್ಗಗಳಲ್ಲಿ ಅದು 1676 ಮಿಲಿಮೀಟರ್. ಒಂದು ಹಳಿಯ ಬಂಡಿ ಇನ್ನೊಂದರ ಮೇಲೆ ಓಡಲಾರದು. 1992ರಲ್ಲಿ ಭಾರತೀಯ ರೈಲ್ವೆ ದೇಶದ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಯೋಜನೆಯನ್ನು ಕೈಗೊಂಡಿತು. ಮುಂದೆ ತಾಳಗುಪ್ಪದ ಹಳಿಯೂ ಅಗಲವಾಯಿತು. ಇಂದು ಬೆಂಗಳೂರು, ಮೈಸೂರುಗಳಿಂದ ರೈಲುಗಳು ನೇರವಾಗಿ ಅಲ್ಲಿಗೆ ಬರುತ್ತವೆ. ನಾಣ್ಯಗಳ ವಿಷಯವೂ ಹಾಗೆಯೇ. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಗಳ ರೂಪಾಯಿ ನೂರು ಪೈಸೆಗಳದಾಯಿತು. ಆದರೆ ಹಳೆಯ ನಾಣ್ಯಗಳು ಮರುದಿನವೇ ಬೆಲೆಯಿಲ್ಲದಂತಾಗಲಿಲ್ಲ. ಜನರು ಹೊಸದಕ್ಕೆ ಒಗ್ಗುವವರೆಗೆ ಕೆಲಕಾಲ ಎರಡೂ ಜೊತೆಜೊತೆಯಾಗಿ ಚಲಾವಣೆಯಲ್ಲಿದ್ದವು.

ಈ ಎರಡು ಬದಲಾವಣೆಗಳಿಗೂ ಪಟ್ಟಿಯ ಜೋಡಣೆಯನ್ನು ಮುರಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಮುಖ್ಯವಾದುದು. ರೈಲಿನವರು ಹಲವು ಅಗಲಗಳನ್ನು ಅಳಿಸಿ ಒಂದನ್ನು ಉಳಿಸಿದರು. ಗಡಿಯಾರದವರು ಎಲ್ಲರಿಗೂ ಸೇರಿದ ಒಂದು ಅಳತೆಯನ್ನು ಬಿಟ್ಟು ತಮತಮಗೊಂದರಂತೆ ಹಲವನ್ನು ಹುಟ್ಟಿಸುತ್ತಾರೆ. ಮೊದಲನೆಯದು ಕೂಡಿಸುವ ಬದಲಾವಣೆ, ಎರಡನೆಯದು ಬೇರ್ಪಡಿಸುವ ಬದಲಾವಣೆ. ಚಾರ್ಜರಿನ ವಿಷಯದಲ್ಲಿ ಲೋಕವು ಈ ಪಾಠವನ್ನು ತಡವಾಗಿ ಕಲಿಯಿತು. ಕೈಫೋನಿಗೊಂದು ಬಗೆಯ ಚಾರ್ಜರು ಮನೆಮನೆಯಲ್ಲೂ ರಾಶಿಬಿದ್ದ ಮೇಲೆ ಐರೋಪ್ಯ ಒಕ್ಕೂಟವು ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟವಾಗುವ ಹೊಸ ಕೈಫೋನುಗಳಿಗೆ ಟೈಪ್-ಸಿ ಎಂಬ ಒಂದೇ ಬಗೆಯ ಕಿಂಡಿಯನ್ನು ಕಡ್ಡಾಯಗೊಳಿಸಿತು.

ಆದುದರಿಂದ ಗಡಿಯಾರದ ವಿಷಯದಲ್ಲಿಯೂ ಒಂದು ನ್ಯಾಯವಾದ ನಿಯಮವನ್ನು ಹೇಳಬಹುದು. ಗಾತ್ರವನ್ನು ನಿರ್ಧರಿಸುವ ಹಕ್ಕು ತಯಾರಕನದು. ಜೋಡಣೆಯಲ್ಲಿ ಬಳಸುವವನಿಗೂ ಪಾಲುಂಟು. ಗಾತ್ರ ಬೇಕಾದಂತೆ ಬೆಳೆಯಲಿ, ಇಳಿಯಲಿ. ಜೋಡಣೆಯನ್ನು ಬದಲಿಸಲೇಬೇಕಾದರೆ ಅದರಿಂದ ಬಳಸುವವನಿಗೆ ಆಗುವ ಲಾಭ ಅವನು ಕಳೆದುಕೊಳ್ಳುವುದಕ್ಕಿಂತ ಹಿರಿದಾಗಿರಬೇಕು. ಹೊಸ ಪಟ್ಟಿಗಳ ಮಾರಾಟ ಹೆಚ್ಚುವುದೊಂದೇ ಅದರ ಉದ್ದೇಶವಾಗಬಾರದು. ಬದಲಾವಣೆಯನ್ನು ಮೊದಲೇ ತಿಳಿಸಬೇಕು. ಹಳೆಯ ಪಟ್ಟಿಯನ್ನು ಹೊಸ ಗಡಿಯಾರಕ್ಕೆ ಕೂಡಿಸುವ ಒಂದು ನಡುತುಂಡನ್ನು ಒದಗಿಸಬೇಕು. ಹಳೆಯ ಬಗೆಯ ಪಟ್ಟಿಗಳು ಕೆಲವು ವರ್ಷಗಳ ಕಾಲವಾದರೂ ದೊರೆಯುವಂತಿರಬೇಕು. ಕೊಳ್ಳುವವನಿಗೂ ಒಂದು ಕರ್ತವ್ಯವಿದೆ. ಗಡಿಯಾರದ ಹೊಳಪನ್ನು ನೋಡುವ ಮೊದಲು, ಇದರ ಪಟ್ಟಿ ಹರಿದರೆ ತನ್ನ ಊರಿನ ಪೇಟೆಯಲ್ಲಿ ಇನ್ನೊಂದು ಸಿಕ್ಕುವುದೆ ಎಂದು ಅವನು ಕೇಳಬೇಕು. ಕೇಳುವ ಗ್ರಾಹಕರು ಹೆಚ್ಚಿದಂತೆ ತಯಾರಕರೂ ಎಚ್ಚರಗೊಳ್ಳುತ್ತಾರೆ.

ಮಲೆನಾಡಿನ ಮನೆಗಳಲ್ಲಿ ಕೊಡಲಿಯೂ ಗುದ್ದಲಿಯೂ ಇಂದಿಗೂ ಮೂಲೆಯಲ್ಲಿ ಒರಗಿರುತ್ತವೆ. ಕಾವು ಮುರಿದರೆ ಕೊಡಲಿಯನ್ನು ಎಸೆಯುವವರಿಲ್ಲ. ಕೊಡಲಿ ಸವೆದರೆ ಗಟ್ಟಿಯಾದ ಕಾವನ್ನು ಒಲೆಗೆ ಹಾಕುವವರೂ ಇಲ್ಲ. ಒಂದರ ಆಯುಸ್ಸು ಮುಗಿದರೂ ಇನ್ನೊಂದು ಬಾಳಲೆಂದೇ ಅವುಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿದ್ದಾರೆ. ಓದುಬರಹ ಬಾರದ ಕಮ್ಮಾರನೂ ಪಾಲಿಸಿಕೊಂಡು ಬಂದ ಈ ಧರ್ಮವನ್ನು, ನಾಡಿಯ ಬಡಿತವನ್ನೇ ಎಣಿಸಬಲ್ಲ ಯಂತ್ರವನ್ನು ಕಟ್ಟುವ ಜಾಣರು ಪಾಲಿಸುವುದು ಅಸಾಧ್ಯವೇನಲ್ಲ.