ಮಂತ್ರವಾದಿಯ ಕೌಲು

ಕಥೆಗಳಲ್ಲಿ ಬರುವ ಮಂತ್ರವಾದಿಯು ತನ್ನ ಮಂತ್ರವನ್ನು ಅರಿತಿರುವುದು, ವಿಜ್ಞಾನಿಯು ಪ್ರಕೃತಿಯನ್ನು ಅರಿತಿರುವ ರೀತಿಯಲ್ಲಿಯೇ ಎಂಬ ವಾದವೊಂದು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಬೇರೂರುತ್ತಿದೆ. ಬಳ್ಳಾರಿಯ ಕೌಲ್ ಬಜಾರಿನಂತಹ ಪೇಟೆಯ ಮನೆಯೊಂದರಲ್ಲಿ ಅಜ್ಜನು ಮೊಮ್ಮಕ್ಕಳಿಗೆ ಬೇತಾಳನ ಕಥೆ ಹೇಳುತ್ತಿದ್ದರೆ, ಕಾಲೇಜಿನಲ್ಲಿ ಓದಿದ ಮಗನು ಒಳಗಿನಿಂದ ಬಂದು, “ಇದೆಲ್ಲ ಆ ಕಾಲದ ಸೈನ್ಸು; ಅದರ ಸೂತ್ರ ನಮ್ಮ ಕೈ ತಪ್ಪಿದೆ, ಅಷ್ಟೆ” ಎಂದು ತೀರ್ಪು ಕೊಡುತ್ತಾನೆ. ಅಜ್ಜನಿಗೆ ಸಂತೋಷವಾಗುತ್ತದೆ, ಮಕ್ಕಳಿಗೆ ಬೆರಗಾಗುತ್ತದೆ. ಕಥೆಗೂ ವಿಜ್ಞಾನಕ್ಕೂ ಏಕಕಾಲದಲ್ಲಿ ಅನ್ಯಾಯವಾಗುತ್ತದೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ಮಂತ್ರಕ್ಕೆ ನಿಯಮವಿದೆ, ನಿಯಮದಂತೆ ನಡೆದರೆ ಫಲವು ನಿಯತವಾಗಿದೆ, ಗುರುವಿನ ಬಳಿ ವರ್ಷಗಟ್ಟಲೆ ಶ್ರಮಪಟ್ಟು ಕಲಿಯಬೇಕಾಗಿದೆ. ಇವು ಮೂರೂ ವಿಜ್ಞಾನಕ್ಕೂ ಇರತಕ್ಕ ಲಕ್ಷಣಗಳೇ. ಇದಲ್ಲದೆ ಶಬ್ದಪ್ರಮಾಣವೂ ಉಂಟು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದೊಳಗಿನ ಬೇತಾಳಕಥೆಗಳಲ್ಲಿ ಸೋಮಪ್ರಭೆಯೆಂಬ ಕನ್ಯೆಗೆ ಮೂವರು ವರರು ಬರುತ್ತಾರೆ: ಒಬ್ಬನು ಜ್ಞಾನಿ, ಒಬ್ಬನು ವಿಜ್ಞಾನಿ, ಒಬ್ಬನು ಶೂರ. ರಾಕ್ಷಸನು ಕನ್ಯೆಯನ್ನು ಒಯ್ದಾಗ ಆಕಾಶದಲ್ಲಿ ಸಂಚರಿಸುವ ರಥವನ್ನು ನಿರ್ಮಿಸಿ ಕೊಡುವವನು ಈ ವಿಜ್ಞಾನಿಯೇ. ಇನ್ನೇನು ಬೇಕು ಎಂದು ವಾದಿಗಳು ಚಪ್ಪಾಳೆ ತಟ್ಟುತ್ತಾರೆ.

ಶಬ್ದದ ಮಾತನ್ನು ಮೊದಲು ಮುಗಿಸಬಹುದು. ಮೋಕ್ಷಕ್ಕೆ ಸಂಬಂಧಿಸಿದ ಅರಿವನ್ನು ಜ್ಞಾನವೆಂದೂ, ಶಿಲ್ಪಶಾಸ್ತ್ರಗಳಲ್ಲಿನ ಅರಿವನ್ನು ವಿಜ್ಞಾನವೆಂದೂ ಅಮರಕೋಶವು ವಿಂಗಡಿಸಿದೆ; ಅಮರವನ್ನು ಬಾಯಿಪಾಠ ಮಾಡಿದ ಮಕ್ಕಳೂ ಬಲ್ಲ ಸಂಗತಿಯಿದು. ಸೋಮದೇವನ ವಿಜ್ಞಾನಿಯು ಕೈಚಳಕವುಳ್ಳ ಕುಶಲಿ. ಆ ಹಳೆಯ ಶಬ್ದವನ್ನು ಕನ್ನಡಿಗರು ಹೊಸ ಕಾಲದಲ್ಲಿ ಹೊಸದೊಂದು ವಸ್ತುವಿಗೆ ಇಟ್ಟರು. ಹೆಸರು ಒಂದೇ ಆದ ಮಾತ್ರಕ್ಕೆ ಆಳು ಒಬ್ಬನೇ ಆಗುವುದಾದರೆ, ರಾಮಪ್ಪನ ಸಾಲವನ್ನು ಬೀದಿಯ ಇನ್ನೊಬ್ಬ ರಾಮಪ್ಪನಿಂದ ವಸೂಲು ಮಾಡಬಹುದು.

ಈಗ ಮುಖ್ಯ ವಿಷಯ. ಕಥೆಯ ಮಂತ್ರವಾದಿಗೆ ತಿಳಿದಿರುವುದೇನು? ಕೌಲ್ ಬಜಾರಿನವರಿಗೆ ಕೌಲು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರವಾಗಲಿ ಭೂಮಿಯ ಒಡೆಯನಾಗಲಿ ಇಂತಿಂಥ ಷರತ್ತಿನ ಮೇಲೆ ಬರೆದುಕೊಟ್ಟ ಕರಾರಿನ ಪತ್ರವೇ ಕೌಲು. ಮಂತ್ರವಾದಿಯ ಕೈಯಲ್ಲಿರುವುದು ಅಂತಹ ಒಂದು ಕೌಲು. ಬೇತಾಳ, ಯಕ್ಷಿಣಿ, ಭೈರವಿ, ಯಾರೋ ಒಬ್ಬ ಒಡೆಯನು ಅಥವಾ ಒಡತಿಯು ಆಚೆ ಇರುವರು. ಇಷ್ಟು ಜಪ, ಇಂತಹ ತಿಥಿ, ಇಂತಹ ಬಲಿ ಎಂಬುದು ಕರಾರು. ಕರಾರು ಪೂರೈಸಿದರೆ ವರ. ಬೇತಾಳಕಥೆಗಳ ಚೌಕಟ್ಟನ್ನೇ ನೋಡಬಹುದು. ಕ್ಷಾಂತಿಶೀಲನೆಂಬ ಭಿಕ್ಷುವು ರಾಜ ತ್ರಿವಿಕ್ರಮಸೇನನಿಂದ ಶವವನ್ನು ತರಿಸಿ, ಅವನನ್ನೇ ಬಲಿಕೊಡಲು ಹವಣಿಸುತ್ತಾನೆ. ನಮಸ್ಕರಿಸುವುದು ಹೇಗೆಂದು ನೀನೇ ತೋರಿಸು ಎಂದ ರಾಜನು, ಬಾಗಿದ ಭಿಕ್ಷುವಿನ ತಲೆಯನ್ನು ಕಡಿಯುತ್ತಾನೆ. ಭಿಕ್ಷುವಿಗೆ ಬರಬೇಕಾಗಿದ್ದ ಸಿದ್ಧಿಯು ರಾಜನಿಗೆ ಬರುತ್ತದೆ. ತೆಲುಗು ಬಲ್ಲ ಬಳ್ಳಾರಿಯ ಮನೆಗಳಿಗೆ ಚಿರಪರಿಚಿತವಾದ 1951ರ ಪಾತಾಳ ಭೈರವಿ ಚಲಚ್ಚಿತ್ರದಲ್ಲಿಯೂ ನೇಪಾಳ ಮಾಂತ್ರಿಕನ ಗತಿ ಇದೇ. ಒಬ್ಬ ಮಂತ್ರವಾದಿಯು ಜೀವಮಾನವೆಲ್ಲ ಕಲಿತುದನ್ನು, ಏನೂ ಕಲಿಯದ ಸಾಹಸಿಯು ಒಂದು ಕತ್ತಿಯೇಟಿನಿಂದ ಪಡೆಯುವನೆಂದರೆ, ಅಲ್ಲಿ ಇದ್ದುದು ತಿಳಿವಳಿಕೆಯಲ್ಲ, ಕೈಯಿಂದ ಕೈಗೆ ದಾಟುವ ಪತ್ರ.

ಕೌಲುದಾರನಿಗೆ ಕಂತಿನ ದಿನವೂ ಮೊತ್ತವೂ ಚೆನ್ನಾಗಿ ಗೊತ್ತು. ಅಷ್ಟರಿಂದ ಮಣ್ಣಿನ ಗುಣವು ಗೊತ್ತಾಗುವುದಿಲ್ಲ. ಸಿರುಗುಪ್ಪದ ಕಡೆಯ ಎರೆಭೂಮಿಗೆ ತುಂಗಭದ್ರೆಯ ಕಾಲುವೆಯ ನೀರು ಹರಿದು ಬತ್ತ ಬೆಳೆಯಿತು. ಅತಿಯಾಗಿ ನೀರುಂಡ ನೆಲವು ಕೆಲವೆಡೆ ಸವುಳಾಯಿತು. ಇದಕ್ಕೆ ರೈತನ ಭಕ್ತಿಯು ಸಾಲದೆಂದು ಯಾವ ಕೃಷಿಶಾಸ್ತ್ರಜ್ಞನೂ ಹೇಳಲಿಲ್ಲ. ಅಂತರ್ಜಲವು ಮೇಲಕ್ಕೆ ಬಂದು ಲವಣವನ್ನು ಹೊತ್ತು ತರುವುದು, ನೀರು ಆವಿಯಾಗಿ ಲವಣವು ಮೇಲೆ ಉಳಿಯುವುದು ಎಂಬ ಕಾರಣವನ್ನು ಕಂಡು, ಬಸಿಗಾಲುವೆಯನ್ನೂ ಕ್ಷಾರಭೂಮಿಗೆ ಜಿಪ್ಸಂ ಹಾಕುವುದನ್ನೂ ಹೇಳಿಕೊಟ್ಟರು. ಮಣ್ಣಿಗೆ ಮನಸ್ಸಿಲ್ಲ, ಅದು ಒಲಿಯುವುದೂ ಮುನಿಯುವುದೂ ಇಲ್ಲ. ಇದನ್ನು ಒಪ್ಪಿದ ಮೇಲೆಯೇ ವಿಜ್ಞಾನವು ಪ್ರಾರಂಭವಾಗುತ್ತದೆ.

ಎರಡಕ್ಕೂ ಇರುವ ಅಂತರವು ಪ್ರಯೋಗವು ಸಫಲವಾದಾಗ ಕಾಣುವುದಿಲ್ಲ, ವಿಫಲವಾದಾಗ ಕಾಣುತ್ತದೆ. ಬೇತಾಳನ ಇನ್ನೊಂದು ಕಥೆಯು ಇದನ್ನು ಕನ್ನಡಿಯಂತೆ ತೋರಿಸುತ್ತದೆ. ಉಜ್ಜಯಿನಿಯ ಚಂದ್ರಸ್ವಾಮಿಯು ಜೂಜಿನಲ್ಲಿ ಸೋತು, ಪೆಟ್ಟು ತಿಂದು, ಪಾಳುಗುಡಿಯ ಪಾಶುಪತನೊಬ್ಬನನ್ನು ಸೇರುತ್ತಾನೆ. ಆ ತಪಸ್ವಿಯು ನೆನೆದ ಮಾತ್ರಕ್ಕೆ ಭೋಗವೆಲ್ಲ ಬಂದು ನಿಲ್ಲುವ ವಿದ್ಯೆಯನ್ನು ಬಲ್ಲವನು. ನೀರಿನಲ್ಲಿ ಮುಳುಗಿ ಜಪಿಸಬೇಕು. ಮಾಯೆಯಲ್ಲಿ ಇನ್ನೊಂದು ಜನ್ಮವೇ ಕಾಣುವುದು. ಗುರುವು ಎಚ್ಚರಿಸಿದೊಡನೆ ಆ ಮಾಯೆಯೊಳಗಿನ ಬೆಂಕಿಯನ್ನು ಹೊಗಬೇಕು. ಶಿಷ್ಯನು ಎಲ್ಲವನ್ನೂ ಮಾಡಿದನು. ಬೆಂಕಿಯ ಮುಂದೆ ನಿಂತಾಗ ಮಾತ್ರ, ಅಳುತ್ತಿರುವ ಹೆಂಡಿರುಮಕ್ಕಳನ್ನು ಕಂಡು ಒಂದು ಕ್ಷಣ ಮನಸ್ಸು ತೂಗಾಡಿತು, ಆದರೂ ಹೊಕ್ಕನು. ವಿದ್ಯೆಯು ಅವನಿಗೆ ಬರಲಿಲ್ಲ. ಗುರುವಿನ ವಿದ್ಯೆಯೂ ಹೊರಟುಹೋಯಿತು. ಏಕೆ ಎಂದು ಬೇತಾಳನು ಕೇಳಿದುದಕ್ಕೆ ರಾಜನ ಉತ್ತರವು ಪ್ರಸಿದ್ಧವಾದುದು: ಶಿಷ್ಯನ ಚಿತ್ತವು ಚಂಚಲವಾಯಿತು, ಗುರುವು ಅಪಾತ್ರನಿಗೆ ಕೊಟ್ಟನು.

ಕಥೆಯಾಗಿ ಇದು ಬಹು ಉತ್ತಮವಾದುದು. ಮನುಷ್ಯನ ಸಂದೇಹವನ್ನು ಇಷ್ಟು ಕನಿಕರದಿಂದ ಕಂಡ ಕಥೆಗಳು ಕಡಮೆ. ಆದರೆ ವಿಚಾರಣೆಯ ಕ್ರಮವನ್ನು ಗಮನಿಸಬೇಕು. ಪ್ರಯೋಗವು ಕೆಟ್ಟಾಗ ಕಟಕಟೆಯಲ್ಲಿ ನಿಂತವನು ಶಿಷ್ಯ, ಅನಂತರ ಗುರು. ವಿದ್ಯೆಯನ್ನು ಮಾತ್ರ ಯಾರೂ ಕರೆದು ಪ್ರಶ್ನಿಸಲಿಲ್ಲ. ಯಾವ ಸೋಲಿನಿಂದಲೂ ಕುಂದದ ವಿದ್ಯೆಯು ಯಾವ ಸೋಲಿನಿಂದಲೂ ಕಲಿಯಲಾರದು.

ಹಾಗಾದರೆ ನಮ್ಮ ಹಿರಿಯರಲ್ಲಿ ಕಾರಣಜಿಜ್ಞಾಸೆಯು ಇರಲಿಲ್ಲವೆ? ಧಾರಾಳವಾಗಿ ಇದ್ದಿತು, ಆದರೆ ಮಂತ್ರವಾದಿಯಲ್ಲಿ ಅಲ್ಲ. ಮಗನನ್ನು ಕೊಂದ ಇಂದ್ರನ ಮೇಲೆ ಹಗೆ ತೀರಿಸಲು ತ್ವಷ್ಟೃವು ಹೋಮ ಮಾಡಿ, ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ಉಚ್ಚರಿಸಬೇಕಾದ ಸಮಾಸಪದವನ್ನು ಸ್ವರ ತಪ್ಪಿ ಉಚ್ಚರಿಸಿದನು. ಇಂದ್ರನಿಂದ ಸಾಯುವ ವೃತ್ರನು ಹುಟ್ಟಿದನು. ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲ ಈ ಆಖ್ಯಾನದಲ್ಲಿ ಬಲ್ಲವನು ಯಾರು? ಮಂತ್ರವನ್ನು ಪ್ರಯೋಗಿಸಿದ ತ್ವಷ್ಟೃವಲ್ಲ; ಅಂತ್ಯದಲ್ಲಿ ಉದಾತ್ತವಾದರೆ ತತ್ಪುರುಷ, ಆದಿಯಲ್ಲಾದರೆ ಬಹುವ್ರೀಹಿ ಎಂದು ತಪ್ಪನ್ನು ಬಿಡಿಸಿ ತೋರಿದ ವೈಯಾಕರಣ. ಕೇರಳದ ಜ್ಯೋತಿರ್ವಿದ ಪರಮೇಶ್ವರನು ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ 1431ರಲ್ಲಿ ದೃಗ್ಗಣಿತವನ್ನು ರಚಿಸಿದನು. ಗ್ರಹಣವು ಲೆಕ್ಕದ ಘಳಿಗೆಗೆ ಹಿಡಿಯದಿದ್ದಾಗ ಸೂರ್ಯಚಂದ್ರರ ಚಿತ್ತವು ಚಂಚಲವಾಯಿತೆಂದು ಆತನು ಹೇಳಲಿಲ್ಲ, ಲೆಕ್ಕವನ್ನು ತಿದ್ದಿದನು. ಚರಕಸಂಹಿತೆಯು ವೈದ್ಯನಿಗೆ ಸಮಾನವಿದ್ಯರೊಡನೆ ಸಂಭಾಷಣೆಯನ್ನು ವಿಧಿಸಿದೆ. ಮಂತ್ರವಾದಿಯ ಮೊದಲನೆಯ ನಿಯಮವು ಯಾರಿಗೂ ಹೇಳಬಾರದೆಂಬುದು. ನಮ್ಮ ವಿಜ್ಞಾನದ ವಂಶವನ್ನು ಹುಡುಕುವವರು ಈ ಮನೆಗಳ ಬಾಗಿಲನ್ನು ಬಿಟ್ಟು ಕ್ಷಾಂತಿಶೀಲನ ಸ್ಮಶಾನಕ್ಕೆ ಹೋಗುವುದೇಕೆ?

ಹೊಸ ತಲೆಮಾರಿನ ವಾದಿಗಳು ಇಂಗ್ಲಿಷ್ ಕಾದಂಬರಿಗಳನ್ನು ಮುಂದೆ ತರುತ್ತಾರೆ. 1997ರಿಂದ ಪ್ರಕಟವಾದ ರೌಲಿಂಗರ ಹ್ಯಾರಿ ಪಾಟರ್ ಕಥೆಗಳಲ್ಲಿ ಮಂತ್ರಕ್ಕೆ ಶಾಲೆಯುಂಟು, ಪರೀಕ್ಷೆಯುಂಟು, ಗ್ರಂಥಾಲಯವುಂಟು. ಶೂನ್ಯದಿಂದ ಅನ್ನವನ್ನು ಸೃಷ್ಟಿಸಲಾಗದೆಂಬ ನಿಯಮವೂ ಉಂಟು. ಸತ್ಯವೇ. ಆದರೆ ಆ ಶಾಲೆಯಲ್ಲಿ ಕಲಿಸುವುದು ಉಚ್ಚಾರಣೆಯನ್ನು ಮತ್ತು ಕೋಲು ಬೀಸುವ ಬಗೆಯನ್ನು. ಆ ಶಬ್ದಕ್ಕೆ ಗರಿಯು ಏಕೆ ಮೇಲೇಳಬೇಕೆಂದು ಯಾವ ಉಪಾಧ್ಯಾಯನೂ ಹೇಳುವುದಿಲ್ಲ, ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಒಂದು ವಿನಾಯಿತಿಯನ್ನು ಒಪ್ಪಬೇಕು. ಆರನೆಯ ಭಾಗದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು, ಕಾಳನ್ನು ಕತ್ತರಿಸುವುದರ ಬದಲು ಜಜ್ಜಿದರೆ ರಸವು ಹೆಚ್ಚು ಬರುವುದೆಂದು ಪರೀಕ್ಷಿಸಿ ಕಂಡು, ಪಠ್ಯವನ್ನು ತಿದ್ದಿದ್ದಾನೆ. ಅದು ವಿಜ್ಞಾನದ ಬೀಜವೇ ಸರಿ. ಆದರೆ ಅವನು ತಿದ್ದಿದುದು ತನ್ನ ಪುಸ್ತಕದ ಅಂಚಿನಲ್ಲಿ. ಶಾಲೆಯು ಹಳೆಯ ಪಾಠವನ್ನೇ ಒಪ್ಪಿಸುತ್ತ ಉಳಿಯಿತು.

ಕಥೆಯ ಮಾತಿಗೆ ಇಷ್ಟು ಕೋಪವೇಕೆ ಎಂದು ಕೆಲವರು ಕೇಳಬಹುದು. ಕಥೆಯ ಮೇಲೆ ಕೋಪವಿಲ್ಲ. ಕಥೆಯನ್ನು ಸಾಕ್ಷಿಯಾಗಿ ಎಳೆತರುವುದರ ಮೇಲೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು ಭರದ್ವಾಜ ಮಹರ್ಷಿಯ ವಿಜ್ಞಾನವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಅದನ್ನು ಹಗುರವಾಗಿ ತಳ್ಳಿಹಾಕದೆ ಪರಿಶೀಲಿಸಿ, ಗ್ರಂಥವು ಇಪ್ಪತ್ತನೆಯ ಶತಮಾನದ್ದೆಂದೂ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಅರ್ಧ ಶತಮಾನವು ಕಳೆದರೂ ಕೊಂಡಾಟವು ನಿಂತಿಲ್ಲ.

ಇದು ಕೇವಲ ಮಾತಿನ ಹೆಮ್ಮೆಯಾಗಿದ್ದರೆ ಸಹಿಸಬಹುದಾಗಿತ್ತು. ಹೊಲದಲ್ಲಿ ಕೂಲಿಯವನ ಕಾಲನ್ನು ಹಾವು ಕಚ್ಚಿದಾಗ ಈ ಹೆಮ್ಮೆಗೆ ಬೆಲೆ ತೆರಬೇಕಾಗುತ್ತದೆ. ಅನೇಕ ಹಾವುಗಳು ವಿಷರಹಿತವಾದುದರಿಂದ ಮಂತ್ರಿಸಿದ ಮೇಲೆ ಬದುಕಿದವರು ಬಹಳ. ಬದುಕಿದವರ ಕೀರ್ತಿಯು ಮಂತ್ರಕ್ಕೆ. ಸತ್ತಾಗ, ಪಥ್ಯವು ತಪ್ಪಿತು, ಮನೆಯವರಿಗೆ ನಂಬಿಕೆ ಸಾಲದು ಎಂಬ ಮಾತು ಹೊರಡುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಮನಸ್ಸಿನ ಚಾಂಚಲ್ಯದಿಂದಲೇ ಅವನು ಸತ್ತನೆಂದು ಬದುಕಿರುವಷ್ಟು ದಿನವೂ ಕೊರಗುತ್ತಾಳೆ. ಚಂದ್ರಸ್ವಾಮಿಯ ಕಥೆಯ ತೀರ್ಪು ಜೀವಂತ ಮನುಷ್ಯರ ಮೇಲೆ ಜಾರಿಯಾಗುವುದು ಹೀಗೆ. ಇತ್ತ ವೈದ್ಯನ ಕೈಯಲ್ಲಿರುವ ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾದುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಸಿದ್ಧವಾದುದು. ಅದೂ ಕೆಲವೊಮ್ಮೆ ಸೋಲುತ್ತದೆ. ಆಗ ರೋಗಿಯು ತಡವಾಗಿ ಬಂದನೆ, ಹಾವು ಬೇರೆ ಜಾತಿಯದೆ, ಈ ಪ್ರಾಂತದ ವಿಷವು ಭಿನ್ನವೆ ಎಂದು ವೈದ್ಯರು ಕೇಳುತ್ತಾರೆ, ಸೋಲನ್ನು ಎಣಿಸುತ್ತಾರೆ. ಹಾವುಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡತಕ್ಕದ್ದೆಂದು ಕರ್ನಾಟಕ ಸರ್ಕಾರವು 2024ರಲ್ಲಿ ವಿಧಿಸಿದುದು ಎಣಿಸುವುದಕ್ಕಾಗಿಯೇ. ಮಂತ್ರದಿಂದ ಸತ್ತವರ ಲೆಕ್ಕವನ್ನು ಯಾವ ಮಂತ್ರವಾದಿಯು ಎಂದು ಇಟ್ಟಿದ್ದಾನೆ? ವಾಮಾಚಾರವನ್ನು ತಡೆಯಲು 2017ರಲ್ಲಿ ಅಂಗೀಕೃತವಾದ ಕಾಯಿದೆಯು 2020ರಲ್ಲಿ ಜಾರಿಗೆ ಬಂದಿತು. ಆದರೆ ವಿದ್ಯಾವಂತನ ಬಾಯಿಂದಲೇ “ಅದೂ ಒಂದು ಸೈನ್ಸು” ಎಂಬ ಮಾತು ಹೊರಡುವ ಮನೆಯಲ್ಲಿ ಕಾಯಿದೆಯು ಏನು ಮಾಡಬಲ್ಲುದು?

ಆದುದರಿಂದ ಅಜ್ಜಂದಿರು ಬೇತಾಳನ ಕಥೆಗಳನ್ನು ಹೇಳುತ್ತಲೇ ಇರಲಿ. ಅವುಗಳಲ್ಲಿ ಧೈರ್ಯವೂ ವಿವೇಕವೂ ತುಂಬಿವೆ, ಅಪರಿಚಿತನು ಬಾಗೆಂದೊಡನೆ ಬಾಗಬಾರದೆಂಬ ನೀತಿಯೂ ಇದೆ. ಮಂತ್ರವು ಏಕೆ ಫಲಿಸಿತೆಂದು ಮಗುವು ಕೇಳಿದರೆ, ಕಥೆ ಹೇಳಿದವನು ಹಾಗೆ ಹೇಳಿದನೆಂದು ಉತ್ತರಿಸಿದರೆ ಸಾಕು. ಕಥೆಗೆ ಅದರಿಂದ ಕುಂದಿಲ್ಲ. ಔಷಧವು ಏಕೆ ಫಲಿಸಿತು, ಎರೆಭೂಮಿಯು ಏಕೆ ಸವುಳಾಯಿತು ಎಂದು ಅದೇ ಮಗುವು ಕೇಳಿದರೆ ಮಾತ್ರ ಅಷ್ಟಕ್ಕೆ ನಿಲ್ಲಬಾರದು. ತಿಳಿದಿದ್ದರೆ ಕಾರಣವನ್ನು ಹೇಳಬೇಕು. ತಿಳಿಯದಿದ್ದರೆ ಬಲ್ಲವರ ಬಳಿಗೆ ಮಗುವಿನ ಕೈಹಿಡಿದು ಕರೆದೊಯ್ಯಬೇಕು.